ಸರ್ವರ್ ಎದ್ದರೂ ಸ್ಕ್ಯಾನ್ ಮಾಡಿದ ಪುಟಗಳು ಹೋಗ್ತಿಲ್ಲ (ಎನ್‌ಎಫ್‌ಎಸ್ 4)

ನೀರ್ಚಾಲು ಮಾಷ್ಟ್ರು:
ನಮಸ್ಕಾರ. ಅಜ್ಜನ ಕೈಬರಹದ ಯಕ್ಷಗಾನ ಪ್ರಸಂಗಗಳನ್ನು ಸ್ಕ್ಯಾನ್ ಮಾಡುತ್ತಿದ್ದೇನೆ. ಮುಟ್ಟಿದರೆ ಹಾಳೆಯ ಅಂಚು ಪುಡಿಯಾಗುತ್ತದೆ, ಇನ್ನೊಮ್ಮೆ ಬಿಡಿಸಲು ಧೈರ್ಯ ಇಲ್ಲ. ಚಾವಡಿಯಲ್ಲಿ ಲ್ಯಾಪ್‌ಟಾಪ್, ಒಳಕೋಣೆಯಲ್ಲಿ ಸರ್ವರ್. ಸರ್ವರಿನ ಒಂದು ಫೋಲ್ಡರನ್ನು (ಶೇರ್) ಎನ್‌ಎಫ್‌ಎಸ್ ಮೂಲಕ ಲ್ಯಾಪ್‌ಟಾಪಿಗೆ ಮೌಂಟ್ ಮಾಡಿ, ಅಂದರೆ ಜೋಡಿಸಿ, ಪುಟಗಳನ್ನು ಅಲ್ಲಿಗೇ ಉಳಿಸುತ್ತೇನೆ. ಎರಡೂ ಲಿನಕ್ಸ್, ಹಾರ್ಡ್ ಮೌಂಟ್ (ಸರ್ವರ್ ಉತ್ತರಿಸುವವರೆಗೂ ಬಿಡದೆ ಕೇಳುತ್ತಿರುವ ಬಗೆ). ನಿನ್ನೆ ಸಂಜೆ ಗುಡುಗು ಮಳೆಗೆ ಕರೆಂಟ್ ಹೋಗಿ ಸರ್ವರ್, ರೂಟರ್ ಎರಡೂ ಆಫ್ ಆದವು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯಲ್ಲಿ ಓಡುತ್ತಿತ್ತು. ಈಗ ಸರ್ವರ್ ಎದ್ದಿದೆ. ಆದರೆ ಸ್ಕ್ಯಾನ್ ಪ್ರೋಗ್ರಾಂ ಅಲ್ಲಾಡುತ್ತಿಲ್ಲ, ಪಿಎಸ್ ಕಮಾಂಡಿನಲ್ಲಿ 'ಡಿ' (ಡಿಸ್ಕ್ ಅಥವಾ ನೆಟ್‌ವರ್ಕಿಗಾಗಿ ಕಾಯುತ್ತಿದೆ ಅಂತ) ತೋರಿಸುತ್ತದೆ. ಇಂಥ ಹೊತ್ತಿಗೆ ಬೇಕೆಂದೇ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಅದೂ ಹಾಗೇ ನಿಂತಿದೆ. 14 ಪುಟ ಸರ್ವರಿನಲ್ಲಿ ಇಲ್ಲ. ರೀಬೂಟ್ ಮಾಡಲಾ?

ಉಪ್ಪಳದವ:
ಇನ್ನು ಮುಂದೆ ಸಾಫ್ಟ್ ಮೌಂಟ್ ಮಾಡಿ ಮಾಷ್ಟ್ರೇ. ಸಿಕ್ಕಿಹಾಕಿಕೊಳ್ಳುವ ಪ್ರಶ್ನೆಯೇ ಬರೋದಿಲ್ಲ.

ಪೆರ್ಲ ಲಿನಕ್ಸ್:
ದಯವಿಟ್ಟು ರೀಬೂಟ್ ಮಾಡಬೇಡಿ! ಆ 14 ಪುಟ ಲ್ಯಾಪ್‌ಟಾಪಿನ ಮೆಮೊರಿಯಲ್ಲೇ ಇರುವ ಸಾಧ್ಯತೆ ಜಾಸ್ತಿ. ಸರ್ವರ್ 'ಡಿಸ್ಕಿಗೆ ಬರೆದಾಯಿತು' ಅನ್ನುವವರೆಗೆ ಹಾರ್ಡ್ ಮೌಂಟ್ ಅವನ್ನು ಬಿಡುವುದಿಲ್ಲ. ಸಾಫ್ಟ್ ಆಗಿದ್ದರೆ ಸ್ವಲ್ಪ ಹೊತ್ತು ಕಾದು ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಉಪ್ಪಳದವರೇ, ಬರೆಯುವ ಕೆಲಸಕ್ಕೆ ಅದು ಬೇಡವೇ ಬೇಡ.

ಮಾಷ್ಟ್ರೇ, ಎರಡು ವಿಷಯ ಹೇಳಿ. ಸರ್ವರಿನ ಐಪಿ ಮೊದಲಿನದ್ದೇ ಇದೆಯಾ? ಆ ಸ್ಕ್ರಿಪ್ಟ್ ಎಲ್ಲಿಟ್ಟಿದ್ದೀರಿ?

ನೀರ್ಚಾಲು ಮಾಷ್ಟ್ರು:
ಐಪಿಯ ಕೊನೆಗೆ 5 ಇತ್ತು, ಈಗ 9. ಸ್ಕ್ರಿಪ್ಟ್ ಆ ಶೇರ್‌ನಲ್ಲೇ ಇದೆ.

ಪೆರ್ಲ ಲಿನಕ್ಸ್:
ಹಾಗಾದರೆ ಗೊತ್ತಾಯಿತು. ಮೌಂಟ್ ಮಾಡುವಾಗ ಹೆಸರು ಕೊಟ್ಟಿದ್ದರೂ ಕ್ಲೈಂಟ್ (ಇಲ್ಲಿ ನಿಮ್ಮ ಲ್ಯಾಪ್‌ಟಾಪ್) ಹಿಡಿದುಕೊಳ್ಳುವುದು ಆಗ ಸಿಕ್ಕ ಐಪಿಯನ್ನೇ. ಅದು ಇನ್ನೂ 5ರ ಬಾಗಿಲು ತಟ್ಟುತ್ತಿದೆ. ಸರಿಮಾಡುವ ಸ್ಕ್ರಿಪ್ಟ್ ಓದಬೇಕಾದರೆ ಶೇರ್ ಸರಿಯಾಗಬೇಕು. ಹಾಗಾಗಿ ಎರಡೂ ನಿಂತಿವೆ. ಸರ್ವರಿಗೆ ಹಳೆಯ ಐಪಿಯನ್ನೂ ಸೇರಿಸಿ, 5 ಬೇರೆ ಯಾರಿಗೂ ಹೋಗಿಲ್ಲ ಅಂತ ಮೊದಲು ನೋಡಿಕೊಳ್ಳಿ. ಆಮೇಲೆ ಸುಮ್ನೆ ಕಾಯಿರಿ, ಕಿಲ್ ಮಾಡಬೇಡಿ.

ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವವರಿಗೂ ಇದೇ ತಲೆನೋವು. ಸರ್ವರ್ ಮತ್ತೆ ಎದ್ದಾಗ ಕ್ಲೈಂಟಿನ ಕರ್ನಲ್ಲಿನಲ್ಲಿರುವ ಸ್ಟೇಟ್ ಮ್ಯಾನೇಜರ್ ಎಂಬ ಥ್ರೆಡ್, ಮೊದಲೇ ತೆರೆದಿದ್ದ ಫೈಲು, ಲಾಕ್‌ಗಳನ್ನು ಮರಳಿ ಕೇಳಿ ಪಡೆಯಬೇಕು. ಇದಕ್ಕೇ ರಿಕವರಿ ಅನ್ನುವುದು. ಲಿನಕ್ಸ್ ಸರ್ವರ್ ಅದಕ್ಕೆ ಮಾಮೂಲಾಗಿ 90 ಸೆಕೆಂಡ್ ಕೊಡುತ್ತದೆ. ಆ ಹೊತ್ತಿಗೆ ಮೆಮೊರಿ ಸಾಲದೆ, 'ಮೊದಲು ಬಾಕಿ ಪುಟ ಬರೆದು ಜಾಗ ಮಾಡು' ಅಂತ ಕರ್ನಲ್ ಹೊರಟಿತು ಅಂತಿಟ್ಟುಕೊಳ್ಳಿ. ಬಾಕಿ ಇರುವುದು ಇದೇ ಎನ್‌ಎಫ್‌ಎಸ್ ಪುಟಗಳು, ಅವು ಹೋಗಬೇಕಾದರೆ ರಿಕವರಿ ಮುಗಿಯಬೇಕು! ಅದಕ್ಕೇ ಆ ಕೋಡಿನಲ್ಲಿ ಜಿಎಫ್‌ಪಿ_ನೋಎಫ್‌ಎಸ್ ಬಳಸುತ್ತಾರೆ. ಮೆಮೊರಿ ಕೊಡು, ಆದರೆ ಅದಕ್ಕಾಗಿ ಫೈಲ್ ಸಿಸ್ಟಮ್ ಮುಟ್ಟಬೇಡ ಅಂತ ಅರ್ಥ.

ನೀರ್ಚಾಲು ಮಾಷ್ಟ್ರು:
5 ಸೇರಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ 14 ಪುಟವೂ ಬಂದಿದೆ! ಒಂದೊಂದನ್ನೂ ತೆರೆದು ನೋಡಿದೆ. ಕೊನೆಯದರಲ್ಲಿ ಅಜ್ಜ ಅಂಚಿನಲ್ಲಿ ಬರೆದ ತಾಳದ ಹೆಸರೂ ಓದಲು ಬರುತ್ತದೆ. ರೂಟರಿನಲ್ಲಿ ಐಪಿ ಫಿಕ್ಸ್ ಮಾಡಿ, ಸ್ಕ್ರಿಪ್ಟನ್ನು ಲ್ಯಾಪ್‌ಟಾಪಿನ ಡಿಸ್ಕಿಗೆ ಹಾಕಿದ್ದೇನೆ. ತುಂಬಾ ಉಪಕಾರವಾಯಿತು.