ದಿನವಿಡೀ ಕುಳಿತು ಮಾಡುವ ಬ್ಯಾಂಕ್ ಕೆಲಸ, ಏರುತ್ತಿರುವ ಸಕ್ಕರೆ: ಬೆಳಗಿನ ನಡಿಗೆಯೊಂದೇ ಸಾಕೇ?

ಪ್ರಶ್ನೆ – ಸಾಲ ವಿಭಾಗದ ಅಧಿಕಾರಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕುಳಿತರೆ ಊಟದ ಸಮಯ ಬಿಟ್ಟು ರಾತ್ರಿ ಎಂಟರವರೆಗೆ ಏಳುವುದು ಅಪರೂಪ. ಹಗಲು ಸಾಲದ ಕಡತಗಳು ಮತ್ತು ಸುಸ್ತಿದಾರರಿಗೆ ಫೋನು, ಸಂಜೆ ಪ್ರಾದೇಶಿಕ ಕಚೇರಿಯವರ ವಿಡಿಯೊ ಸಭೆ. ತಿಂಗಳ ಗುರಿಯ ಚಿಂತೆಯಂತೂ ಮನೆಗೆ ಹೋದ ಮೇಲೂ ಬಿಡುವುದಿಲ್ಲ. ಈಚೆಗೆ ಮಾಡಿಸಿದ ತಪಾಸಣೆಯಲ್ಲಿ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1, ರಕ್ತದೊತ್ತಡ 136/88, ಸೊಂಟದ ಸುತ್ತಳತೆ 98 ಸೆಂ.ಮೀ. ಬಂದಿದೆ. ಸದ್ಯಕ್ಕೆ ಮಾತ್ರೆ ಬೇಡ, ಜೀವನಕ್ರಮ ಬದಲಿಸಿಕೊಂಡು ಮೂರು ತಿಂಗಳ ನಂತರ ಬನ್ನಿ ಎಂದು ವೈದ್ಯರು ಹೇಳಿದ್ದಾರೆ. ಬೆಳಿಗ್ಗೆ ನೃಪತುಂಗ ಬೆಟ್ಟದಲ್ಲಿ ಅರ್ಧ ಗಂಟೆ ನಡೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಹಾಗಿದ್ದೂ ಹೀಗಾದದ್ದು ಏಕೆ, ಕೆಲಸ ಬಿಡಲಾಗದವನು ಇನ್ನೇನು ಮಾಡಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ – ಸಾಮಾನ್ಯ ವೈದ್ಯ, ಧಾರವಾಡ

ನಿಮ್ಮ ಬೆಳಗಿನ ನಡಿಗೆ ವ್ಯರ್ಥವಾಗಿಲ್ಲ, ಅದನ್ನು ಖಂಡಿತ ಬಿಡಬೇಡಿ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಮತ್ತು ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅದರ ಜೊತೆಗೇ, ಕುಳಿತಿರುವ ಅವಧಿಯನ್ನು ಕಡಿಮೆ ಮಾಡಬೇಕೆಂದು ಪ್ರತ್ಯೇಕವಾಗಿಯೂ ಹೇಳಿತು. ನಿಮ್ಮಲ್ಲಿ ಕೊರತೆ ಇರುವುದು ಈ ಎರಡನೆಯ ಭಾಗದಲ್ಲಿ. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯರೋಗ ಕಡಿಮೆ ಎಂಬುದನ್ನು ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲೇ ತೋರಿಸಿದ್ದರು.

ಸಕ್ಕರೆಯ ವಿಷಯದಲ್ಲಿ ಇದರ ಕಾರಣ ಸರಳವಾಗಿದೆ. ನಡೆಯುವಾಗ ಕಾಲಿನ ದೊಡ್ಡ ಸ್ನಾಯುಗಳು ಇನ್ಸುಲಿನ್ನಿಗಾಗಿ ಕಾಯದೆ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಕುಳಿತ ಕೂಡಲೇ ಆ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತದೆ. ಊಟವಾದ ಸುಮಾರು ಒಂದು ಗಂಟೆಗೆ ಸಕ್ಕರೆ ಏರುತ್ತದೆ, ಮತ್ತು ನೀವು ಕಡತ ಬಿಚ್ಚಿಕೊಂಡು ಕೂರುವುದು ಸರಿಯಾಗಿ ಅದೇ ಹೊತ್ತಿಗೆ. ತೂಕ ಹೆಚ್ಚಿದ್ದವರ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 20 ನಿಮಿಷಕ್ಕೊಮ್ಮೆ ಎದ್ದು ಎರಡು ನಿಮಿಷ ನಡೆದಾಗ ಆಹಾರದ ನಂತರದ ಸಕ್ಕರೆ ಮತ್ತು ಇನ್ಸುಲಿನ್ ಎರಡೂ ಗಮನಾರ್ಹವಾಗಿ ತಗ್ಗಿದ್ದವು. ಶಾಖೆಯಲ್ಲಿ ಅಷ್ಟು ಸಲ ಏಳಲಾಗದಿದ್ದರೆ, ಮಧ್ಯಾಹ್ನ ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ಹೊರಗೆ ನಡೆದು ಬನ್ನಿ. ನನ್ನ ಮಟ್ಟಿಗೆ, ನೀವು ಮಾಡಿಕೊಳ್ಳಬಹುದಾದ ಅತ್ಯಂತ ಮುಖ್ಯವಾದ ಬದಲಾವಣೆ ಇದೇ.

ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆಯ ಮಿತಿ 90 ಸೆಂ.ಮೀ., ಹೆಂಗಸರಿಗೆ 80. ಇಲ್ಲಿಂದ ಹಿಂದಿರುಗುವುದು ಸಾಧ್ಯ ಎಂಬುದನ್ನು ಧೈರ್ಯಕ್ಕಾಗಿ ಹೇಳುತ್ತಿಲ್ಲ: 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಯನ್ನು ತಿದ್ದಿಕೊಂಡವರಿಗೆ ಮಧುಮೇಹ ಬರುವ ಅಪಾಯ ಶೇ. 28.5ರಷ್ಟು ಕಡಿಮೆಯಾಗಿತ್ತು. ಊಟದಲ್ಲಿ ಅನ್ನವನ್ನು ಅರ್ಧಕ್ಕೆ ಇಳಿಸಿ, ಜೋಳದ ರೊಟ್ಟಿಯ ಜೊತೆಗೆ ಮೊಳಕೆ ಕಾಳಿನ ಪಲ್ಯ, ಸೊಪ್ಪು, ಮೊಸರು ಹೆಚ್ಚಿಸಿಕೊಳ್ಳಿ. ಸಂಜೆಯ ಗಿರ್ಮಿಟ್ಟು, ಮಿರ್ಚಿ ಭಜಿ ವಾರಕ್ಕೊಮ್ಮೆ ಸಾಕು.

ಉತ್ತರ – ನಿವೃತ್ತ ಶಾಖಾ ವ್ಯವಸ್ಥಾಪಕ, ಶಿವಮೊಗ್ಗ

ವೈದ್ಯರು ದೇಹದ ಬಗ್ಗೆ ಹೇಳಿದ್ದಾರೆ; ಒತ್ತಡದ ಬಗ್ಗೆ ನಾನು ಒಂದೆರಡು ಮಾತು ಸೇರಿಸುತ್ತೇನೆ. ಮಾರ್ಚ್ 31ರ ಒತ್ತಡವನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ, ಆದರೆ ವರ್ಷದ ಉಳಿದ ತಿಂಗಳುಗಳಲ್ಲೂ ಮಾರ್ಚಿನಂತೆಯೇ ಬದುಕುವ ಅಗತ್ಯವಿಲ್ಲ. ವಸೂಲಿಯ ಫೋನುಗಳು ಮನಸ್ಸನ್ನು ಅತಿ ಹೆಚ್ಚು ಹಿಂಡುವ ಕೆಲಸವಾದ್ದರಿಂದ, ಅವನ್ನು ಸಂಜೆಗೆ ಉಳಿಸಿಕೊಳ್ಳದೆ ಹಗಲಿನಲ್ಲೇ ಒಂದು ನಿಗದಿತ ಹೊತ್ತಿನಲ್ಲಿ, ಸಾಧ್ಯವಾದರೆ ನಿಂತುಕೊಂಡೇ ಮಾಡಿ ಮುಗಿಸಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ 2015ರ ಸೆಪ್ಟೆಂಬರಿನಿಂದ ನಮಗೆ ಸಿಕ್ಕಿದೆ. ಆ ದಿನವೂ ಬಾಕಿ ಕಡತಕ್ಕೆಂದು ಶಾಖೆಗೆ ಹೋಗುವ ರೂಢಿ ನಿಮಗಿದ್ದರೆ ಮೊದಲು ಅದನ್ನು ಬಿಡಿ. ನಿದ್ದೆ ಬಾರದಷ್ಟು, ಮನೆಯವರೊಡನೆ ಮಾತೇ ಬೇಡವೆನಿಸುವಷ್ಟು ಚಿಂತೆ ಹೆಚ್ಚಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸೇವೆ, ಶುಲ್ಕವಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ನಮ್ಮ ವೃತ್ತಿಯವರು ಇಂಥ ಸಹಾಯ ಕೇಳಲು ಸಂಕೋಚಪಡುವುದನ್ನು ನೋಡಿ ನನಗೆ ನಿಜಕ್ಕೂ ನೋವಾಗಿದೆ.

ಉತ್ತರ – ನಗದು ವಿಭಾಗದ ಉದ್ಯೋಗಿ, ದಾವಣಗೆರೆ

ಸಾಲ ವಿಭಾಗದವರಾದರೂ ಎದ್ದು ಹೋಗಬಹುದು, ಸರ್. ನಗದು ಕೌಂಟರಿನಲ್ಲಿರುವ ನಮಗೆ ಕೈಯಲ್ಲಿ ಹಣವಿರುವಾಗ, ಮುಂದೆ ಸಾಲು ನಿಂತಿರುವಾಗ ಜಾಗ ಬಿಡಲು ಬರುವುದಿಲ್ಲ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ ಎಂದು ಮಧ್ಯಾಹ್ನದವರೆಗೆ ನೀರನ್ನೇ ಮುಟ್ಟದ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಇದರಿಂದ ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ನಮ್ಮ ಶಾಖೆಯಲ್ಲಿ ವ್ಯವಸ್ಥಾಪಕರೊಡನೆ ಮಾತನಾಡಿ, ಬೆಳಿಗ್ಗೆ ಒಮ್ಮೆ ಮತ್ತು ಊಟದ ನಂತರ ಒಮ್ಮೆ ಕೆಲ ನಿಮಿಷ ಕೌಂಟರ್ ಮುಚ್ಚುವ ವ್ಯವಸ್ಥೆ ಮಾಡಿಕೊಂಡೆವು. ಹಣವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಫಲಕ ಇಟ್ಟು ಎದ್ದು ಹೋಗುತ್ತೇವೆ. ಕಾರಣ ತಿಳಿಸಿದರೆ ಗ್ರಾಹಕರು ಕಾಯುತ್ತಾರೆ. ಏಳಲು ಆಗದ ಹೊತ್ತಿನಲ್ಲಿ ಕುಳಿತಲ್ಲೇ ಹಿಮ್ಮಡಿ ಎತ್ತಿಳಿಸುವುದರಿಂದ ಏನಾದರೂ ಉಪಯೋಗವಿದೆಯೇ ಎಂದು ವೈದ್ಯರು ತಿಳಿಸಬೇಕು.

ಉತ್ತರ – ಸಾಮಾನ್ಯ ವೈದ್ಯ, ಧಾರವಾಡ

ಉಪಯೋಗವಿದೆ, ತಾಯಿ. ಮೀನಖಂಡದ ಸ್ನಾಯು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ ಪಾದದ ಊತ ಕಡಿಮೆಯಾಗುತ್ತದೆ, ಆದರೆ ಅದು ನಡಿಗೆಗೆ ಬದಲಿಯಲ್ಲ. ನೀವು ಮಾಡಿಸಿಕೊಂಡ ವ್ಯವಸ್ಥೆಯೇ ಹೆಚ್ಚಿನದು. ಹುಬ್ಬಳ್ಳಿಯವರೂ ತಮ್ಮ ಶಾಖೆಯಲ್ಲಿ ಇದನ್ನು ಕೇಳಿ ನೋಡಲಿ. ಅವರಿಗೆ ಇನ್ನೊಂದು ಮಾತು: ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಹದಿನೈದು ದಿನಕ್ಕೇ ಮತ್ತೆ ಮಾಡಿಸಿ ನಿರಾಶರಾಗಬೇಡಿ. ಅಲ್ಲಿಯವರೆಗೆ ರಕ್ತದೊತ್ತಡವನ್ನು ವಾರಕ್ಕೆರಡು ಸಲ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ನೋಡಿಸಿ ಬರೆದಿಡಿ, ಮತ್ತು ಆ ಹಾಳೆಯನ್ನು ನಿಮ್ಮ ವೈದ್ಯರ ಬಳಿಗೆ ಹೋಗುವಾಗ ಜೊತೆಗೆ ಒಯ್ಯಿರಿ.