ಎಟ್ರಿಯನ್ ಒಡಿಸ್ಸಿ ಎಚ್‌ಡಿ: ಮೊದಲ ಮಹಡಿನೇ ದಾಟೋಕಾಗ್ತಿಲ್ಲ, ಗೊತ್ತಿರೋರು ಸ್ವಲ್ಪ ಹೇಳಿ

ಹಾಸನ್_ಪ್ಲೇಯರ್:

ಎಲ್ಲರಿಗೂ ನಮಸ್ಕಾರ. ಪರ್ಸೋನಾ, ಪೋಕೆಮಾನ್ ಎಲ್ಲಾ ಆಡಿ ಮುಗಿಸಿದ್ದೀನಿ. ಆ ಧೈರ್ಯದ ಮೇಲೆ ಸ್ಟೀಮ್ ಸೇಲ್‌ನಲ್ಲಿ ಎಟ್ರಿಯನ್ ಒಡಿಸ್ಸಿಯ ಮೊದಲ ಭಾಗ ತಗೊಂಡೆ. ಐದು ಜನರ ಪಾರ್ಟಿ ಕಟ್ಕೊಂಡು, ಮ್ಯಾಪ್ ನಾವೇ ಬರ್ಕೊಂಡು ಕಾಡಿನ ಚಕ್ರವ್ಯೂಹ ಸುತ್ತೋ ಡಂಜನ್ ಆಟ. ಆದ್ರೆ ಇಲ್ಲಿ ಬೇರೆನೇ ಕಥೆ. ಕಾಡಿನೊಳಗೆ ಕಾಲಿಟ್ಟು ನಾಲ್ಕು ಫೈಟ್ ಆಗೋಷ್ಟರಲ್ಲಿ ಅರ್ಧ ಪಾರ್ಟಿ ನೆಲಕ್ಕೆ ಬಿದ್ದಿರುತ್ತೆ.

ನನ್ನ ಪಾರ್ಟಿ: ಮುಂದಿನ ಸಾಲಲ್ಲಿ ಕತ್ತಿ ಹಿಡಿಯೋ ಲ್ಯಾಂಡ್ಸ್‌ಕ್ನೆಕ್ಟ್ ಇಬ್ಬರು, ಚಾವಟಿ ಬೀಸೋ ಡಾರ್ಕ್ ಹಂಟರ್ ಒಬ್ಬ. ಹಿಂದೆ ಬಿಲ್ಲುಗಾರ ಸರ್ವೈವಲಿಸ್ಟ್, ಮಂತ್ರ ಹಾಕೋ ಆಲ್ಕೆಮಿಸ್ಟ್. ಎಲ್ಲರೂ ಹೊಡೆಯೋರೇ ಇದ್ರೆ ಫೈಟ್ ಬೇಗ ಮುಗಿಯುತ್ತೆ ಅಂತ ಲೆಕ್ಕ ಹಾಕಿದ್ದೆ. ಅಲ್ಲಿ ಉಗುರಿನ ಮೋಲ್ ಅನ್ನೋ ಪ್ರಾಣಿ ಎರಡೇಟು ಕೊಟ್ರೆ ಡಾರ್ಕ್ ಹಂಟರ್ ಕಥೆ ಮುಗೀತು. ಹೇಗೋ ಮುಂದೆ ಹೋದ್ರೆ ಒಂದು ಹೂವಿನ ಜಾಗ ಬಂತು, ಸ್ವಲ್ಪ ಹೊತ್ತು ದಣಿವಾರಿಸ್ಕೊಳ್ತೀರಾ ಅಂತ ಕೇಳ್ತು. ಹೂಂ ಅಂದೆ. ವಿಷದ ಚಿಟ್ಟೆಗಳು ಮುತ್ಕೊಂಡು ಐದೂ ಜನ ಅಲ್ಲೇ ಹೋದ್ರು.

ಕೇಳ್ಬೇಕು ಅಂತಿರೋದು ಇಷ್ಟು. ಬಾಗಿಲ ಹತ್ರಾನೇ ಓಡಾಡ್ಕೊಂಡು ಲೆವೆಲ್ ಏರಿಸ್ಬೇಕಾ? ಈ ಮ್ಯಾಪ್ ಬರೆಯೋ ಕೆಲಸ ನಿಜವಾಗ್ಲೂ ಬೇಕಾ, ಇಲ್ಲಾ ನೆಟ್‌ನಲ್ಲಿ ಸಿಗೋದನ್ನ ನೋಡ್ಕೊಂಡು ಹೋದ್ರೆ ಆಗುತ್ತಾ? ಪಾರ್ಟಿ ಬದಲಾಯಿಸ್ಬೇಕಾ?

ನಕ್ಷೆಗಾತಿ:

ಹಾಸನ್ ಅವರೇ, ಈ ಆಟ ಬಿಡ್ಬೇಡಿ. ನಿಂಟೆಂಡೊದ ಎರಡು ಪರದೆಯ ಡಿಎಸ್ ಕಾಲದಿಂದ ಈ ಸರಣಿ ಆಡ್ತಿದ್ದೀನಿ. ಇಷ್ಟು ನ್ಯಾಯವಾಗಿ ನಡ್ಕೊಳ್ಳೋ ಡಂಜನ್ ಆಟಗಳು ಕಡಿಮೆ. ಕಷ್ಟ ಹೌದು, ಆದ್ರೆ ಮೋಸ ಇಲ್ಲ. ಆ ಹೂವಿನ ಜಾಗವನ್ನೇ ತಗೊಳ್ಳಿ. ಕೂರ್ತೀರಾ ಅಂತ ನಿಮ್ಮನ್ನ ಕೇಳಿತ್ತು, ಬೇಡ ಅನ್ನೋಕೂ ಅವಕಾಶ ಇತ್ತು. ಈ ಕಾಡಲ್ಲಿ ಪುಕ್ಕಟೆ ಸಿಗೋ ವಿಶ್ರಾಂತಿ ಕಂಡ್ರೆ ಅನುಮಾನ ಪಡ್ಬೇಕು ಅಂತ ಮೊದಲ ಮಹಡಿಯಲ್ಲೇ ಹೇಳ್ಕೊಡುತ್ತೆ. ಮುಂದೆ ಇಂಥ ಪ್ರಶ್ನೆ ಬೇಕಾದಷ್ಟು ಬರುತ್ತೆ. ಪಾರ್ಟಿ ಪೂರ್ತಿ ಗಟ್ಟಿಯಾಗಿದ್ದಾಗ ಮಾತ್ರ ಹೂಂ ಅನ್ನಿ.

ಲೆವೆಲ್‌ಗಿಂತ, ಆಯುಧಕ್ಕಿಂತ ಮುಂಚೆ ಒಂದು ಅಭ್ಯಾಸ ಮಾಡ್ಕೊಳ್ಳಿ. ಊರು ಬಿಡೋ ಮೊದಲೇ ಎಲ್ಲಿಂದ ವಾಪಸ್ ತಿರುಗ್ಬೇಕು ಅಂತ ತೀರ್ಮಾನ ಆಗಿರ್ಲಿ. ಒಳಗೆ ಹೋದ್ಮೇಲೆ ಯೋಚಿಸಿದ್ರೆ "ಇನ್ನೊಂದು ತಿರುವು ನೋಡ್ಬಿಡೋಣ" ಅಂತ ಮನಸ್ಸು ಎಳೀತಾನೇ ಇರುತ್ತೆ. ನಾನು ನೋಡೋದು ಎಚ್‌ಪಿ (ಜೀವಬಲ) ಅಲ್ಲ, ಗಾಯ ವಾಸಿ ಮಾಡೋ ಮೆಡಿಕ್‌ನ ಟಿಪಿ, ಅಂದ್ರೆ ಸ್ಕಿಲ್ ಬಳಸೋಕೆ ಖರ್ಚಾಗೋ ಶಕ್ತಿ. ಅದು ಅರ್ಧಕ್ಕೆ ಇಳೀತಾ, ಮುಖ ಊರ ಕಡೆಗೆ. ಯಾಕಂದ್ರೆ ಬಂದ ದಾರಿಯಲ್ಲೇ ವಾಪಸ್ ನಡೀಬೇಕು, ಆ ದಾರಿಯಲ್ಲೂ ಅಷ್ಟೇ ಫೈಟ್ ಕಾದಿರುತ್ತೆ. ಎಲ್ಲರ ಎಚ್‌ಪಿ ಫುಲ್ ಇದ್ದು ಟಿಪಿ ಸೊನ್ನೆ ಆಗಿರೋ ಪಾರ್ಟಿಯನ್ನ ನೋಡಿದ್ರೆ ಗಟ್ಟಿ ಅನ್ಸುತ್ತೆ, ಎರಡು ಮೋಲ್ ಒಟ್ಟಿಗೆ ಬಂದ್ರೆ ಮುಗೀತು. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು.

ಇದರಿಂದಾನೇ ಪಾರ್ಟಿ ವಿಷಯಕ್ಕೆ ಬರ್ತೀನಿ. ನಿಮ್ಮಲ್ಲಿ ಮೆಡಿಕ್ ಇಲ್ಲ, ಗುರಾಣಿ ಹಿಡಿದು ಕಾಯೋ ಪ್ರೊಟೆಕ್ಟರ್ ಇಲ್ಲ. ಈ ಇಬ್ಬರಿಲ್ಲದೆ ಆಡೋರೂ ಇದ್ದಾರೆ, ಅದು ಆಟದ ಒಳಹೊರಗು ತಿಳಿದವರಿಗೆ. ನೀವು ಒಬ್ಬ ಲ್ಯಾಂಡ್ಸ್‌ಕ್ನೆಕ್ಟ್‌ನನ್ನ ಗಿಲ್ಡ್‌ನಲ್ಲಿ ಕೂರ್ಸಿ, ಡಾರ್ಕ್ ಹಂಟರ್‌ಗೂ ಸದ್ಯಕ್ಕೆ ರಜೆ ಕೊಡಿ. ಮುಂದೆ ಪ್ರೊಟೆಕ್ಟರ್, ಲ್ಯಾಂಡ್ಸ್‌ಕ್ನೆಕ್ಟ್. ಹಿಂದೆ ಮೆಡಿಕ್, ಆಲ್ಕೆಮಿಸ್ಟ್, ಬಿಲ್ಲು ಹಿಡಿದ ಸರ್ವೈವಲಿಸ್ಟ್. ಒಂದು ಸಾಲಿಗೆ ಮೂರು ಜನ ಹಿಡಿಸ್ತಾರೆ, ಹಿಂದಿನ ಸಾಲಿನವರಿಗೆ ಏಟು ಕಡಿಮೆ ತಾಗುತ್ತೆ. ಪ್ರೊಟೆಕ್ಟರ್‌ಗೆ ಮುಂದಿನ ಸಾಲಿಗೆ ಬೀಳೋ ಏಟು ಇಳಿಸೋ ಫ್ರಂಟ್ ಗಾರ್ಡ್ ಕಡೆ ಪಾಯಿಂಟ್ ಹಾಕಿ. ಆ ಸ್ಕಿಲ್ ಹಾಕಿದ ಸರದಿಯಲ್ಲಿ ಮೋಲ್ ಕೊಡೋ ಏಟಿಗೂ, ಹಾಕದೆ ಇದ್ದಾಗ ಕೊಡೋ ಏಟಿಗೂ ವ್ಯತ್ಯಾಸ ನೋಡಿ, ನಿಮಗೇ ಗೊತ್ತಾಗುತ್ತೆ. ಮೋಲ್ ಕಂಡ್ರೆ ಮೂರೂ ಹೊಡೆತಗಾರರು ಒಂದೇ ಮೋಲ್ ಮೇಲೆ ಬೀಳ್ಲಿ. ಏಟನ್ನ ಹಂಚಿದ್ರೆ ಎರಡೂ ಬದುಕಿದ್ದು ಎರಡೂ ತಿರುಗಿ ಹೊಡೆಯುತ್ತೆ.

ಲೆವೆಲ್‌ಗೆ ಒಂದೇ ಸ್ಕಿಲ್ ಪಾಯಿಂಟ್ ಸಿಗೋದು, ಅಲ್ಲೊಂದು ಇಲ್ಲೊಂದು ಎಸೀಬೇಡಿ. ಮೆಡಿಕ್‌ಗೆ ಮೊದಲು ಕ್ಯೂರ್, ಆಮೇಲೆ ದೂರದ ಗುರಿಯಾಗಿ ಇಮ್ಯುನೈಸ್. ಇಡೀ ಪಾರ್ಟಿಗೆ ಬೀಳೋ ಏಟು ಇಳಿಸೋ ಸ್ಕಿಲ್ ಅದು, ಡಿಎಸ್‌ನಲ್ಲಿ ಆಡಿದವರು ಇವತ್ತಿಗೂ ಹೊಗಳ್ತಾರೆ. ಆಲ್ಕೆಮಿಸ್ಟ್‌ಗೆ ಬೆಂಕಿ, ಹಿಮ, ಮಿಂಚು ಮೂರರಲ್ಲಿ ಸದ್ಯಕ್ಕೆ ಒಂದೇ ಸಾಕು.

ಮೊದಲ ದುಡ್ಡು ಕತ್ತಿಗೆ ಅಲ್ಲ, ಮೈಮೇಲಿನ ರಕ್ಷಾಕವಚಕ್ಕೆ. ಪ್ರಾಣಿಗಳಿಂದ ಸಿಗೋ ಚರ್ಮ, ಉಗುರು, ರೆಕ್ಕೆ ಎಲ್ಲಾ ಶಿಲೆಕಾ ಅಂಗಡಿಯಲ್ಲಿ ಮಾರ್ತಾ ಹೋಗಿ. ನೀವು ತಂದು ಹಾಕಿದ ಸಾಮಾನಿಂದಾನೇ ಅಂಗಡಿಗೆ ಹೊಸ ಸರಕು ಬರೋದು. ಆಪತ್ತಿಗೆ ಅಂತ ಊರಿಗೆ ಒಂದೇ ಏಟಿಗೆ ವಾಪಸ್ ತರೋ ದಾರಾನೂ ಊರಲ್ಲಿ ಕೊಳ್ಳೋಕೆ ಸಿಗುತ್ತೆ, ಅರಿಯಾಡ್ನೆ ದಾರ ಅಂತಾನೋ ವಾರ್ಪ್ ವೈರ್ ಅಂತಾನೋ ಕರೀತಾರೆ. ಅದೊಂದು ಚೀಲದಲ್ಲಿ ಇಲ್ಲದೆ ಊರ ಬಾಗಿಲು ದಾಟ್ಬೇಡಿ. ಊಟಕ್ಕಿಲ್ಲದಿದ್ರೂ ಅದಕ್ಕೆ ಎತ್ತಿಡಿ ಅಂತೀನಿ.

ಇನ್ನು ಮ್ಯಾಪ್. ನೆಟ್‌ನಲ್ಲಿರೋದು ನೋಡ್ಕೊಂಡು ಹೋಗ್ಬೇಡಿ, ದಯವಿಟ್ಟು. ಈ ಆಟದ ಜೀವ ಇರೋದೇ ಅಲ್ಲಿ. 1981ರ ವಿಝಾರ್ಡ್ರಿ ಅನ್ನೋ ಹಳೇ ಡಂಜನ್ ಆಟದ ಕಾಲದಲ್ಲಿ ಆಡೋರು ಗ್ರಾಫ್ ಹಾಳೆ ಪಕ್ಕದಲ್ಲಿಟ್ಕೊಂಡು ಪೆನ್ಸಿಲ್‌ನಲ್ಲಿ ದಾರಿ ಬರೀತಿದ್ರು. 2007ರಲ್ಲಿ ಈ ಆಟ ಮಾಡಿದ ಅಟ್ಲಸ್‌ನವರು ಆ ಹಾಳೆಯನ್ನೇ ಡಿಎಸ್‌ನ ಕೆಳಗಿನ ಪರದೆಗೆ ತಂದ್ರು. 2023ರ ಎಚ್‌ಡಿ ಆವೃತ್ತಿಯಲ್ಲಿ ಆಟ, ಮ್ಯಾಪ್ ಎರಡೂ ಒಂದೇ ಪರದೆಯಲ್ಲಿದೆ, ಅಷ್ಟೇ ವ್ಯತ್ಯಾಸ. ನಡೆದ ನೆಲಕ್ಕೆ ತಾನೇ ಬಣ್ಣ ತುಂಬೋ ಆಯ್ಕೆ ಇದೆ, ಅದನ್ನ ಹಾಕ್ಕೊಳ್ಳಿ. ಬಾಗಿಲು, ಮೆಟ್ಟಿಲು, ಪೆಟ್ಟಿಗೆ ಗುರುತು ಮಾತ್ರ ನಿಮ್ಮ ಕೈಯಿಂದಾನೇ ಬೀಳ್ಲಿ. ನಾನು ಪ್ರತಿ ಅನುಮಾನದ ಗೋಡೆಗೂ ಒಂದು ಗುರುತು ಹಾಕ್ತೀನಿ. ಗೋಡೆ ಸಂದಿಯಲ್ಲಿ ನುಸುಳೋ ಒಳದಾರಿಗಳು ಇಲ್ಲಿ ಇರ್ತವೆ, ಒಂದು ಕಡೆಯಿಂದ ತೆರೆದ್ರೆ ಆಮೇಲೆ ಎರಡೂ ಕಡೆ ಓಡಾಡ್ಬಹುದು. ಅಂಥದ್ದೊಂದು ಸಿಕ್ತು ಅಂದ್ರೆ ಮೆಟ್ಟಿಲಿಗೆ ಹೋಗೋ ದಾರಿ ಮೂರರಲ್ಲೊಂದು ಪಾಲು ಆಗ್ಬಿಡುತ್ತೆ, ಆ ಉಳಿದ ಟಿಪಿ ಎಲ್ಲಾ ಹೊಸ ಜಾಗಕ್ಕೆ.

ಇನ್ನೊಂದು ಮಾತು. ಪಾರ್ಟಿ ಪೂರ್ತಿ ಸತ್ತಾಗ ಮ್ಯಾಪ್ ಉಳಿಸ್ಬೇಕಾ ಅಂತ ಕೇಳುತ್ತೆ. ಲೆವೆಲ್ ಹೋಗ್ಬಹುದು, ಸಾಮಾನು ಹೋಗ್ಬಹುದು, ಆದ್ರೆ ನೀವು ಬರೆದ ದಾರಿ ಉಳಿಯುತ್ತೆ. ಹೂಂ ಅನ್ನೋಕೆ ಮರೀಬೇಡಿ. ಹಾಗಾಗಿ ಆ ಚಿಟ್ಟೆಗಳ ಹತ್ರ ಹೋದ ನಡಿಗೆ ಕೂಡ ದಂಡ ಅಲ್ಲ.

ಮಲೆನಾಡ್_ಮಾಂತ್ರಿಕ:

ಅಕ್ಕ ಹೇಳಿದ್ದೆಲ್ಲಾ ಸರಿ, ಒಂದೇ ಕಡೆ ನನ್ನ ಅಭಿಪ್ರಾಯ ಬೇರೆ. ಸರ್ವೈವಲಿಸ್ಟ್ ಜಾಗಕ್ಕೆ ಹಾಡುಗಾರ ಟ್ರೂಬಡೋರ್ ಹಾಕಿ. ಮೊದಮೊದಲು ಏನೂ ಮಾಡದೆ ಹಾಡ್ಕೊಂಡು ನಿಂತಿರೋ ಹಾಗೆ ಕಾಣುತ್ತೆ. ಆದ್ರೆ ರಿಲ್ಯಾಕ್ಸಿಂಗ್ ಹಾಡು ಕೈಗೆ ಬಂತು ಅಂದ್ರೆ ಪ್ರತಿ ಸರದಿಗೂ ಟಿಪಿ ಚೂರು ಚೂರೇ ಮರಳಿ ಬರುತ್ತೆ. ಒಂದು ಬಡಪಾಯಿ ಪ್ರಾಣಿಯನ್ನ ಸಾಯಿಸದೆ ಎಲ್ಲರೂ ಗಾರ್ಡ್ ಹಾಕ್ಕೊಂಡು ನಿಂತ್ರೆ ಮೆಡಿಕ್, ಆಲ್ಕೆಮಿಸ್ಟ್ ಇಬ್ಬರೂ ತುಂಬ್ಕೊಳ್ತಾರೆ. ನಿಧಾನದ ಕೆಲಸ, ಆದ್ರೆ ದುಡ್ಡು ಉಳಿಯುತ್ತೆ. ಇಲ್ಲಿ ಊರಲ್ಲಿ ಮಲಗೋ ಇನ್‌ನ ಬಾಡಿಗೆ ಲೆವೆಲ್ ಏರಿದ ಹಾಗೆ ಏರುತ್ತೆ ಅನ್ನೋದನ್ನ ಹೊಸಬರು ಗಮನಿಸಲ್ಲ.

ಸರ್ವೈವಲಿಸ್ಟ್‌ಗಳನ್ನ ಬೇರೆ ಕೆಲಸಕ್ಕೆ ಬಳಸಿ. ಗಿಲ್ಡ್‌ನಲ್ಲಿ ಜಾಗ ಬೇಕಾದಷ್ಟಿದೆ. ಸರ್ವೈವಲಿಸ್ಟ್‌ಗಳದ್ದೇ ಒಂದು ತಂಡ ಮಾಡಿ, ಪಾಯಿಂಟ್ ಎಲ್ಲಾ ಕಡಿಯೋ, ಅಗಿಯೋ, ಕೀಳೋ ಸ್ಕಿಲ್‌ಗೆ ಹಾಕಿ. ಮರ, ಕಲ್ಲು, ಸೊಪ್ಪು ಸಿಗೋ ಜಾಗ ಕಂಡ ಮೇಲೆ ದುಡ್ಡು ಬೇಕಾದಾಗ ಈ ತಂಡ ಕಳ್ಸಿ, ತುಂಬ್ಕೊಂಡು ವಾಪಸ್ ಕರೀರಿ. ಫೈಟ್ ಬಂದ್ರೆ ಐದು ಜನಕ್ಕೂ ಓಡೋ ಆಜ್ಞೆ.

ಕರಾವಳಿ_ಕ್ವೆಸ್ಟ್:

ಇಷ್ಟೆಲ್ಲಾ ಮಾಡಿಯೂ ಕಷ್ಟ ಆದ್ರೆ ಎಚ್‌ಡಿಯಲ್ಲಿ ಪಿಕ್ನಿಕ್ ಅಂತ ಸುಲಭದ ಮೋಡ್ ಉಂಟು. ಕೆಲಸ ಮುಗ್ಸಿ ರಾತ್ರಿ ಒಂದು ಗಂಟೆ ಆಡುವವರು ಅದರಲ್ಲೇ ಆಡಿ, ಏನೂ ತಪ್ಪಿಲ್ಲ. ಮ್ಯಾಪ್ ಬರೆಯುವ ಖುಷಿ ಅದರಲ್ಲೂ ಅಷ್ಟೇ ಉಂಟು. ಯುಝೋ ಕೊಶಿರೋ ಅವರ ಸಂಗೀತ ಎರಡರಲ್ಲೂ ಒಂದೇ. ಮೊದಲ ಕಾಡಿನ ಟ್ಯೂನ್ ಕೇಳ್ಲಿಕ್ಕೇ ನಾನು ಸುಮ್ಮನೆ ಕೆಳಗೆ ಹೋಗಿ ನಿಲ್ತೇನೆ.

ಹಾಸನ್_ಪ್ಲೇಯರ್:

ಅಕ್ಕ, ಮಾಂತ್ರಿಕ ಅಣ್ಣ, ಕರಾವಳಿ ಅವರೇ, ಎಲ್ಲರಿಗೂ ಥ್ಯಾಂಕ್ಸ್. ಪಿಕ್ನಿಕ್‌ಗೆ ಹೋಗಿಲ್ಲ, ಮಾಮೂಲಿ ಬೇಸಿಕ್ ಮೋಡ್‌ನಲ್ಲೇ ಇದ್ದೀನಿ. ಪ್ರೊಟೆಕ್ಟರ್, ಮೆಡಿಕ್ ಬಂದ ಮೇಲೆ ಆಟಾನೇ ಬೇರೆ ಆಗಿದೆ. ಮೋಲ್ ಈಗ ಭಯ ಇಲ್ಲ. ಟಿಪಿ ಅರ್ಧ ಆದ ಕೂಡಲೇ ವಾಪಸ್ ಬರೋ ನಿಯಮ ಮೊದಲು ಕೈಕಟ್ಟಿ ಹಾಕಿದ ಹಾಗಿತ್ತು, ಈಗ ಪ್ರತಿ ಸಲ ಸ್ವಲ್ಪ ಸ್ವಲ್ಪ ಮ್ಯಾಪ್ ಬೆಳೀತಾ ಇರೋದು ನೋಡೋಕೆ ಚೆನ್ನಾಗಿದೆ. ಮೊದಲ ಮಹಡಿ ಪೂರ್ತಿ ಬರೆದೆ.

ಎರಡನೇ ಮಹಡಿಯಲ್ಲಿ ಮ್ಯಾಪ್ ಮೇಲೆ ಒಂದು ಉಂಡೆ ಓಡಾಡ್ತಿತ್ತು. ಹತ್ರ ಹೋದೆ, ಕೊಂಬಿರೋ ಜಿಂಕೆ ಬಂತು. ಓಡಿ ಬಚಾವಾದೆ, ದಾರ ಎಳೆದು ಊರಿಗೆ ಬಂದೆ. ಇದನ್ನ ಹೊಡೀಬೇಕಾ, ಬಿಡ್ಬೇಕಾ?

ನಕ್ಷೆಗಾತಿ:

ಬಿಡಿ. ಸದ್ಯಕ್ಕೆ ಖಂಡಿತಾ ಬಿಡಿ. ದಾರ ಚೀಲದಲ್ಲಿತ್ತಲ್ಲ, ಬಹಳ ಸಂತೋಷ ಆಯ್ತು.

ಅದನ್ನ ಎಫ್‌ಒಇ ಅಂತಾರೆ. ಆ ಮಹಡಿಯ ಮಾಮೂಲಿ ಪ್ರಾಣಿಗಳಿಗಿಂತ ಬಹಳ ಮೇಲಿನ ಶಕ್ತಿ. ಮೊದಲ ಸಲ ಕಂಡಾಗ ಹೊಡೀಲಿ ಅಂತ ಇಟ್ಟಿರೋದೇ ಅಲ್ಲ. ನಿಮ್ಮ ನಡಿಗೆಯನ್ನ ತಿದ್ದೋಕೆ ಇಟ್ಟಿರೋದು. ಇದರ ಗುಟ್ಟು ಒಂದೇ: ನೀವು ಒಂದು ಹೆಜ್ಜೆ ಇಟ್ರೆ ಅದೂ ಒಂದು ಹೆಜ್ಜೆ ಇಡುತ್ತೆ, ನೀವು ನಿಂತ್ರೆ ಅದೂ ನಿಲ್ಲುತ್ತೆ. ಹಾಗಾಗಿ ಎಷ್ಟು ಹೊತ್ತು ಬೇಕಾದ್ರೂ ನಿಂತು ಯೋಚನೆ ಮಾಡ್ಬಹುದು, ಯಾರೂ ಅವಸರ ಮಾಡಲ್ಲ.

ಆ ಜಿಂಕೆಗೆ ಗೊತ್ತುಮಾಡಿದ ದಾರಿ ಇದೆ. ದೂರದಲ್ಲಿ, ಅದರ ದಾರಿಯಿಂದ ಎರಡು ಚೌಕ ಆಚೆ ನಿಂತ್ಕೊಳ್ಳಿ. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಅಂತ ಅಲ್ಲೇ ಆಡ್ತಾ ಇರಿ, ಉಂಡೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ನೋಡಿ. ಅದು ತಿರುಗೋ ಎರಡು ತುದಿಗಳಿಗೂ ಮ್ಯಾಪ್ ಮೇಲೆ ಗುರುತು ಹಾಕಿ, ನಡುವೆ ಬಾಣದ ಗುರುತು ಎಳೀರಿ. ಆಮೇಲೆ ನೀವು ದಾಟ್ಬೇಕಾದ ಜಾಗಕ್ಕೆ ಎಷ್ಟು ಹೆಜ್ಜೆ, ಅದು ಅಲ್ಲಿಗೆ ಬರೋಕೆ ಎಷ್ಟು ಹೆಜ್ಜೆ, ಲೆಕ್ಕ ಹಾಕಿ. ಅದು ನಿಮಗೆ ಬೆನ್ನು ಹಾಕಿ ಆಚೆ ತುದಿಗೆ ಹೊರಟ ಹೆಜ್ಜೆಯಲ್ಲೇ ನೀವು ಹೊರಡಿ.

ಇಲ್ಲಿ ಹೊಸಬರನ್ನ ಬೀಳಿಸೋ ವಿಷಯ ಒಂದಿದೆ. ಮಾಮೂಲಿ ಫೈಟ್‌ನಲ್ಲಿ ಕಳೆಯೋ ಪ್ರತಿ ಸರದಿಯೂ ಜಿಂಕೆಗೆ ಒಂದು ಹೆಜ್ಜೆ. ಅದರ ದಾರಿಯ ಮೇಲೆ ನಿಂತು ಎರಡು ಚಿಟ್ಟೆ ಜೊತೆ ನಾಲ್ಕು ಸರದಿ ಹೊಡೆದಾಡಿದ್ರೆ ಅಷ್ಟರಲ್ಲಿ ಜಿಂಕೆ ನಡ್ಕೊಂಡು ಬಂದು ಅದೇ ಫೈಟ್‌ಗೆ ಸೇರ್ಕೊಳ್ಳುತ್ತೆ. ಅದಕ್ಕೇ ಪರದೆಯ ಮೂಲೆಯಲ್ಲಿರೋ ಬಣ್ಣದ ಸೂಚಕ ನೋಡ್ತಾ ಇರಿ. ಕೆಂಪಾಗಿದ್ರೆ ಫೈಟ್ ಹತ್ರ ಬಂದಿದೆ ಅಂತ. ಕೆಂಪು ಇರುವಾಗ ಜಿಂಕೆಯ ದಾರಿಗೆ ಇಳೀಬೇಡಿ. ದೂರದಲ್ಲೇ ಆ ಫೈಟ್ ಮುಗ್ಸಿ, ಸೂಚಕ ಮತ್ತೆ ತಣ್ಣಗಾದ ಮೇಲೆ ದಾಟಿ.

ಮೂರನೇ ಮಹಡಿಯಲ್ಲಿ ಕುಡುಗೋಲಿನ ಕೈಯಿರೋ ದೊಡ್ಡ ಮಂಟಿಸ್ ಹುಳ ಸಿಗುತ್ತೆ. ಅದರ ವಿಷಯಕ್ಕೂ ಇದೇ ಲೆಕ್ಕ, ಸ್ವಲ್ಪ ಜಾಸ್ತಿ ಭಯದಿಂದ.

ಜಿಂಕೆಯನ್ನ ಹೊಡೆಯೋ ದಿನಾನೂ ಬರುತ್ತೆ. ನಾಲ್ಕನೇ ಮಹಡಿಯ ಪ್ರಾಣಿಗಳನ್ನ ಆರಾಮಾಗಿ ಹೊಡೆಯೋ ಮಟ್ಟಕ್ಕೆ ಬಂದ ಮೇಲೆ ವಾಪಸ್ ಬನ್ನಿ. ಫೈಟ್ ಆಡ್ತಾ ತುಂಬ್ಕೊಂಡು, ಬಳಸಿದಾಗ ಹೊಡೆತಕ್ಕೆ ಬಲ ಕೊಡೋ ಬೂಸ್ಟ್ ಮೀಟರ್ ಎಲ್ಲರದ್ದೂ ತುಂಬಿರ್ಲಿ, ಅದನ್ನ ಚಿಲ್ಲರೆ ಫೈಟ್‌ಗೆ ಖರ್ಚು ಮಾಡ್ಬೇಡಿ. ಆಲ್ಕೆಮಿಸ್ಟ್‌ಗೆ ವಿಷದ ಸ್ಕಿಲ್ ಕಲಿಸಿದ್ರೆ ಕೆಲಸ ಅರ್ಧ ಆಯ್ತು. ಚಿಟ್ಟೆ ವಿಷ ನಿಮ್ಮ ಪಾರ್ಟಿಗೆ ಏನು ಮಾಡ್ತು ನೋಡಿದ್ರಲ್ಲ, ಈ ಆಟದಲ್ಲಿ ವಿಷ ಅಂದ್ರೆ ಸಣ್ಣದಲ್ಲ, ನಮ್ಮ ಕೈಯಲ್ಲಿದ್ದಾಗಲೂ ಅಷ್ಟೇ ಜೋರು.

ಮಲೆನಾಡ್_ಮಾಂತ್ರಿಕ:

ಐದನೇ ಮಹಡಿಗೂ ಈಗಲೇ ಹೇಳ್ಬಿಡ್ತೀನಿ. ಅಲ್ಲಿ ಫೆನ್ರಿರ್ ಅನ್ನೋ ತೋಳ ಬಾಸ್. ಅದರ ಸುತ್ತ ಸ್ಕೋಲ್ ತೋಳಗಳು ಎಫ್‌ಒಇ ಆಗಿ ಓಡಾಡ್ತಿರ್ತವೆ. ಬಾಸ್ ಜೊತೆ ಫೈಟ್ ಶುರು ಮಾಡಿದ್ರೆ ಅಕ್ಕ ಹೇಳಿದ ಅದೇ ಲೆಕ್ಕದಲ್ಲಿ ಅವು ಒಂದೊಂದಾಗಿ ಬಂದು ಸೇರ್ತವೆ. ಮೊದಲು ತೋಳಗಳನ್ನ ಬೇರೆ ಬೇರೆ ಮಾಡಿ ಮುಗ್ಸಿ, ಊರಿಗೆ ಹೋಗಿ ಸೇವ್ ಮಾಡಿ, ಆಮೇಲೆ ಬಾಸ್.

ಹಾಸನ್_ಪ್ಲೇಯರ್:

ತೋಳಗಳನ್ನ ಮುಗ್ಸಿ ಊರಿಗೆ ಹೋಗಿ ಬರೋಷ್ಟರಲ್ಲಿ ಅವು ಮತ್ತೆ ಹುಟ್ಕೊಳ್ಳಲ್ವಾ ಅಣ್ಣ?

ಮಲೆನಾಡ್_ಮಾಂತ್ರಿಕ:

ಎಫ್‌ಒಇ ವಾಪಸ್ ಬರೋಕೆ ಆಟದೊಳಗಿನ ದಿನಗಳು ಕಳೀಬೇಕು. ಇನ್‌ನಲ್ಲಿ ಒಂದು ಸಲ ಮಲಗಿ ನೇರವಾಗಿ ಹೊರಡಿ, ಬೇರೆ ಕಡೆ ಸುತ್ತಾಡ್ತಾ ಕೂರ್ಬೇಡಿ. ಆ ಹೊತ್ತಿಗೆ ಐದನೇ ಮಹಡಿಗೆ ಹತ್ತಿರದ ದಾರಿ ನಿಮ್ಮ ಮ್ಯಾಪ್‌ನಲ್ಲಿ ಇರ್ಬೇಕು, ನುಸುಳೋ ಒಳದಾರಿಗಳನ್ನ ಈಗಿಂದಾನೇ ಹುಡುಕ್ತಾ ಹೋಗಿ.