ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳ ಕರಾರು: ಅವಧಿ ಇರುವಾಗಲೇ ವಿಸ್ತರಣೆ ಏಕೆ, ವಜಾ ಮಾಡಿದ ಮೇಲೂ ಹಣ ಏಕೆ?

ಪ್ರಶ್ನೆ: ದೈಹಿಕ ಶಿಕ್ಷಣ ಅಧ್ಯಾಪಕ, ಬಸವನಗುಡಿ

ನಾನು ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಕೆಲಸ ಮಾಡುತ್ತೇನೆ. ಅಂತರ ಕಾಲೇಜು ಪಂದ್ಯಾವಳಿಗೆ ನಮ್ಮ ತಂಡವನ್ನು ಸಜ್ಜುಗೊಳಿಸುವ ತರಬೇತುದಾರರಿಗೆ ಸಿಗುವುದು ಗೌರವಧನ ಮಾತ್ರ, ಅದೂ ಹಾಜರಿ ಪಟ್ಟಿ ಮತ್ತು ವೋಚರ್ ಸಲ್ಲಿಸಿದ ಮೇಲೆ. ಕ್ರೀಡಾ ನಿರ್ವಹಣೆಯ ಪಾಠಕ್ಕಾಗಿ ಅಮೆರಿಕನ್ ಫುಟ್‌ಬಾಲ್‌ನ ಕರಾರುಗಳ ಬಗ್ಗೆ ಓದುತ್ತಿದ್ದಾಗ ಒಂದು ಪ್ರಕರಣ ನನಗೆ ಅರ್ಥವೇ ಆಗಲಿಲ್ಲ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು 2017ರ ಡಿಸೆಂಬರ್‌ನಲ್ಲಿ ಜಿಂಬೊ ಫಿಶರ್ ಅವರನ್ನು ಕೋಚ್ ಆಗಿ 10 ವರ್ಷಕ್ಕೆ 7.5 ಕೋಟಿ ಡಾಲರ್ ಒಪ್ಪಿಕೊಂಡು ಕರೆತಂದಿತು. ಆ ಕರಾರಿನಲ್ಲಿ ಇನ್ನೂ ಹಲವು ವರ್ಷ ಬಾಕಿ ಇದ್ದರೂ 2021ರಲ್ಲೇ ಅದನ್ನು 2031ರವರೆಗೆ ವಿಸ್ತರಿಸಿ, ಸಂಬಳವನ್ನೂ ಏರಿಸಿತು. 2023ರ ನವೆಂಬರ್‌ನಲ್ಲಿ ವಜಾ ಮಾಡಿದಾಗ ಕೊಡಬೇಕಾಗಿ ಬಂದ ಮೊತ್ತ 7.6 ಕೋಟಿ ಡಾಲರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿ ಮೀರುತ್ತದೆ. ಸರ್ಕಾರಿ ವಿಶ್ವವಿದ್ಯಾಲಯವೊಂದು ಇಂಥ ಕರಾರಿಗೆ ಏಕೆ ಸಹಿ ಹಾಕುತ್ತದೆ, ಆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಟೆಕ್ಸಾಸ್‌ನಲ್ಲಿ ಓದಿ ಬಂದವ, ವೈಟ್‌ಫೀಲ್ಡ್

ವಿಸ್ತರಣೆಯನ್ನು ಹಿಂದಿನ ಗೆಲುವಿಗೆ ಕೊಟ್ಟ ಬಹುಮಾನವೆಂದು ನೋಡಿದರೆ ಅದು ಅರ್ಥವಾಗುವುದಿಲ್ಲ. ಅದರ ಬೇರು ಇರುವುದು ಹೈಸ್ಕೂಲ್ ಆಟಗಾರರನ್ನು ಸೆಳೆದುಕೊಳ್ಳುವ ಪೈಪೋಟಿಯಲ್ಲಿ. ಹದಿನೇಳು ವರ್ಷದ ಹುಡುಗನ ಮನೆಗೆ ಎದುರಾಳಿ ವಿಶ್ವವಿದ್ಯಾಲಯದ ಕೋಚ್ ಬಂದು ಕುಳಿತಾಗ, ‘ಅಲ್ಲಿಯ ಕೋಚ್‌ಗೆ ಕರಾರಿನಲ್ಲಿ ಉಳಿದಿರುವುದು ಎರಡೇ ವರ್ಷ, ನಿಮ್ಮ ಮಗ ಓದು ಮುಗಿಸುವಾಗ ಅವರು ಅಲ್ಲಿರುವುದಿಲ್ಲ’ ಎಂದು ಒಂದು ಮಾತು ಹೇಳಿದರೆ ಸಾಕು, ತಂದೆತಾಯಿಯ ಮನಸ್ಸು ಅಲುಗಾಡುತ್ತದೆ. ಆದ್ದರಿಂದ ಕರಾರಿನಲ್ಲಿ ಕನಿಷ್ಠ ನಾಲ್ಕೈದು ವರ್ಷ ಬಾಕಿ ಇರುವಂತೆ ನೋಡಿಕೊಳ್ಳುವುದು ಅಲ್ಲಿ ರೂಢಿಯಾಗಿದೆ. ಇದಕ್ಕೆ ಏಜೆಂಟರ ಜಾಣತನವೂ ಸೇರುತ್ತದೆ. ಬೇರೆಡೆ ದೊಡ್ಡ ಹುದ್ದೆಯೊಂದು ಖಾಲಿಯಾದ ಕೂಡಲೇ ತಮ್ಮ ಕೋಚ್ ಹೆಸರೂ ಅಲ್ಲಿ ಓಡಾಡುವಂತಾದರೆ, ಇಲ್ಲಿಯ ಆಡಳಿತ ಹೆದರಿ ಸಹಿ ಹಾಕುತ್ತದೆ. ಫಿಶರ್ ಅವರಿಗೆ ವಿಸ್ತರಣೆ ಸಿಕ್ಕಿದ್ದು 2020ರಲ್ಲಿ ಅವರ ತಂಡ ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ಗೆದ್ದು ದೇಶದಲ್ಲಿ ನಾಲ್ಕನೆಯ ಸ್ಥಾನ ಪಡೆದ ಮೇಲೆ. ಒಂದು ಋತುವಿನ ಸಂತೋಷದಲ್ಲಿ ಹತ್ತು ವರ್ಷದ ಭಾರ ಹೊತ್ತುಕೊಂಡರು ಎಂದೇ ನಾನು ಹೇಳುತ್ತೇನೆ.

ಅವರನ್ನು ಕಳುಹಿಸಿದ ರೀತಿಯನ್ನೂ ನೋಡಿ. ಶನಿವಾರ ತವರು ಮೈದಾನವಾದ ಕೈಲ್ ಫೀಲ್ಡ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್ ವಿರುದ್ಧ 51-10ರಿಂದ ಗೆದ್ದರು, ಮರುದಿನ ಭಾನುವಾರ ಕೆಲಸ ಹೋಯಿತು. ಹಣದ ವಿಷಯಕ್ಕೆ ಬಂದರೆ, ಅದು ಬೋಧನಾ ಶುಲ್ಕದಿಂದ ಬಂದದ್ದಲ್ಲ. ಮೊದಲ ಕಂತನ್ನು ದಾನಿಗಳ ಸಂಸ್ಥೆಯಾದ ಟ್ವೆಲ್ಫ್ತ್ ಮ್ಯಾನ್ ಫೌಂಡೇಶನ್‌ನ ನಿಧಿಯಿಂದಲೂ, ಮುಂದಿನ ವಾರ್ಷಿಕ ಕಂತುಗಳನ್ನು ಟಿಕೆಟ್, ಟಿವಿ ಹಕ್ಕು ಮೊದಲಾದವುಗಳಿಂದ ಬರುವ ಕ್ರೀಡಾ ವಿಭಾಗದ ಸ್ವಂತ ಆದಾಯದಿಂದಲೂ ಕೊಡುವುದಾಗಿ ವಿಶ್ವವಿದ್ಯಾಲಯ ತಿಳಿಸಿತು.

ಉತ್ತರ: ವಕೀಲೆ, ಮಲ್ಲೇಶ್ವರ

ಹಣದ ಮೊತ್ತಕ್ಕಿಂತ ಷರತ್ತುಗಳನ್ನು ಓದುವುದು ಮುಖ್ಯ. ನಮ್ಮ 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮಿನ ವಿವರಣೆಯಂತೆ, ನಷ್ಟವನ್ನು ಲೆಕ್ಕ ಹಾಕುವಾಗ ಅದನ್ನು ತಗ್ಗಿಸಿಕೊಳ್ಳಲು ನೊಂದವನಿಗೆ ಇದ್ದ ದಾರಿಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತವು ಗರಿಷ್ಠ ಮಿತಿಯೇ ಹೊರತು, ಸಿಗುವುದು ಸಮಂಜಸವಾದ ಪರಿಹಾರ ಮಾತ್ರ. ವಜಾಗೊಂಡ ಕೋಚ್ ಬೇರೆ ಕೆಲಸ ಹುಡುಕಬೇಕು, ಅಲ್ಲಿಯ ಸಂಬಳವನ್ನು ಹಳೆಯ ಬಾಕಿಯಲ್ಲಿ ಕಳೆಯಬೇಕು ಎಂಬ ತತ್ವ ಅಮೆರಿಕದಲ್ಲೂ ಇದೆ. ಆದರೆ ಫಿಶರ್ ಅವರ ಕರಾರು ಇದನ್ನು ಬೇಕೆಂದೇ ಕೈಬಿಟ್ಟಿತ್ತು. 60 ದಿನದೊಳಗೆ 1.92 ಕೋಟಿ ಡಾಲರ್, ಆಮೇಲೆ 2031ರವರೆಗೆ ಪ್ರತಿ ವರ್ಷ 72 ಲಕ್ಷ ಡಾಲರ್. ಅವರು ನಾಳೆಯೇ ಬೇರೆಡೆ ಕೆಲಸಕ್ಕೆ ಸೇರಿದರೂ ಒಂದು ಡಾಲರ್ ಕಡಿತವಿಲ್ಲ.

ಪೆನ್ ಸ್ಟೇಟ್‌ನ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2025ರ ಅಕ್ಟೋಬರ್‌ನಲ್ಲಿ ಆ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ತೆಗೆದಾಗ ಬಾಕಿ ಸುಮಾರು 4.9 ಕೋಟಿ ಡಾಲರ್ ಇತ್ತು. ಅವರ ಕರಾರಿನಲ್ಲಿ ಹೊಸ ಸಂಬಳವನ್ನು ಕಳೆಯುವ ಷರತ್ತು ಇತ್ತು. ಮರು ತಿಂಗಳೇ ಅವರು ವರ್ಜೀನಿಯಾ ಟೆಕ್‌ಗೆ ಸೇರಿದರು, ಬಾಕಿ 90 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ನನ್ನ ಆಕ್ಷೇಪ ಸಂಬಳ ಹೆಚ್ಚೆಂಬುದಕ್ಕಲ್ಲ, ಈ ಷರತ್ತಿಲ್ಲದೆ ಸಹಿ ಹಾಕುವ ಆಡಳಿತ ಮಂಡಳಿಗಳಿಗೆ. ಅದು ಸಾರ್ವಜನಿಕ ಹೊಣೆಗಾರಿಕೆಯ ಲೋಪ.

ಉತ್ತರ: ಅರ್ಥಶಾಸ್ತ್ರದ ವಿದ್ಯಾರ್ಥಿ, ಜ್ಞಾನಭಾರತಿ

ಮೇಲಿನವರು ಆಟಗಾರರನ್ನು ಮರೆತಿದ್ದಾರೆ. ವಿಶ್ವವಿದ್ಯಾಲಯಗಳ ಕ್ರೀಡಾಕೂಟವಾದ ಬಿಗ್ ಟೆನ್ 2022ರಲ್ಲಿ ಮಾಡಿಕೊಂಡ ಏಳು ವರ್ಷದ ಟಿವಿ ಒಪ್ಪಂದದ ಮೌಲ್ಯವೇ 700 ಕೋಟಿ ಡಾಲರ್ ದಾಟುತ್ತದೆ. ಆ ಹಣವನ್ನು ಗಳಿಸಿಕೊಡುವ ಹುಡುಗರಿಗೆ ವಿದ್ಯಾರ್ಥಿವೇತನದ ಆಚೆ ಹೆಚ್ಚೇನೂ ಕೊಡಬಾರದೆಂಬ ನಿಯಮ ದಶಕಗಳ ಕಾಲ ಇದ್ದುದರಿಂದ, ಅದು ಕೋಚ್‌ಗಳ ಸಂಬಳಕ್ಕೂ ಕಟ್ಟಡಗಳಿಗೂ ಹರಿಯಿತು. ಆಟಗಾರರು ಹೂಡಿದ್ದ ಹೌಸ್ ಪ್ರಕರಣದ ರಾಜಿಯ ನಂತರ, 2025ರ ಜುಲೈನಿಂದ ವಿಶ್ವವಿದ್ಯಾಲಯವು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಮಿತಿ ಎಲ್ಲ ಕ್ರೀಡೆಗಳ ಎಲ್ಲ ಆಟಗಾರರಿಗೂ ಸೇರಿ ಸುಮಾರು 2.05 ಕೋಟಿ ಡಾಲರ್. ಜಾರ್ಜಿಯಾ ವಿಶ್ವವಿದ್ಯಾಲಯದ ಕೋಚ್ ಕರ್ಬಿ ಸ್ಮಾರ್ಟ್ ಒಬ್ಬರಿಗೇ 2024ರ ವಿಸ್ತರಣೆಯಲ್ಲಿ ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್ ನಿಗದಿಯಾಗಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಆಟಗಾರರಿಗೆ ಮಿತಿ ಹಾಕಬಹುದಾದರೆ, ವಿಶ್ವವಿದ್ಯಾಲಯಗಳೆಲ್ಲ ಒಟ್ಟಾಗಿ ಕೋಚ್‌ಗಳ ಸಂಬಳಕ್ಕೂ ಒಂದು ಮಿತಿ ಹಾಕಬಾರದೇಕೆ?

ಉತ್ತರ: ವಕೀಲೆ, ಮಲ್ಲೇಶ್ವರ

ಹಾಗೆ ಮಾಡಲು ಹೋಗಿ ಪೆಟ್ಟು ತಿಂದಿದ್ದಾರೆ. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿಯ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎ ಒಂದು ವರ್ಗದ ಸಹಾಯಕ ಕೋಚ್‌ಗಳ ವಾರ್ಷಿಕ ಸಂಬಳಕ್ಕೆ 16,000 ಡಾಲರ್ ಮಿತಿ ಹಾಕಿತು. ಬಾಸ್ಕೆಟ್‌ಬಾಲ್ ಕೋಚ್‌ಗಳು ನ್ಯಾಯಾಲಯಕ್ಕೆ ಹೋದರು. ಪೈಪೋಟಿಯನ್ನು ಕುಗ್ಗಿಸುವ ಇಂಥ ಒಳಒಪ್ಪಂದ ಕಾನೂನುಬಾಹಿರವೆಂದು ಲಾ ವಿರುದ್ಧ ಎನ್‌ಸಿಎಎ ಪ್ರಕರಣದಲ್ಲಿ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, 1999ರಲ್ಲಿ 5.45 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಆಟಗಾರರ ವಿಷಯದಲ್ಲಿ ಮಿತಿ ಬಂದಿರುವುದು ನ್ಯಾಯಾಲಯ ಒಪ್ಪಿದ ರಾಜಿಯ ಭಾಗವಾಗಿ. ಕೋಚ್‌ಗಳ ವಿಷಯದಲ್ಲಿ ಅಂಥದ್ದೇನೂ ಇಲ್ಲ. ಅಮೆರಿಕದ ಸಂಸತ್ತು ವಿನಾಯಿತಿ ಕೊಡದ ಹೊರತು ಎಲ್ಲರೂ ಸೇರಿ ಮಿತಿ ಹೇರುವುದು ಬಹಳ ಕಷ್ಟ. ಆದರೆ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಕರಾರಿನಲ್ಲಿ ಹೊಸ ಸಂಬಳವನ್ನು ಕಳೆಯುವ ಷರತ್ತನ್ನು ತಾನೇ ಬರೆದುಕೊಳ್ಳಬಹುದು, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಪಾಠಕ್ಕೆ ಬೇಕಾದರೆ ಫಿಶರ್ ಮತ್ತು ಫ್ರಾಂಕ್ಲಿನ್ ಅವರ ವಜಾ ಷರತ್ತುಗಳನ್ನು ವಿದ್ಯಾರ್ಥಿಗಳ ಮುಂದೆ ಅಕ್ಕಪಕ್ಕದಲ್ಲಿಟ್ಟು ಓದಿಸಿ.